ವೇಗ ಬಿಡಿ, ಹಲ್ಲು ಎಣಿಸಿ

ಬೆಂಗಳೂರಿನ ಜರಗನಹಳ್ಳಿಯಿಂದ ಕನಕಪುರ ರಸ್ತೆಗೆ ಬಂದು ಸಂಜೆ ಆರೂವರೆಗೆ ಸಾರಕ್ಕಿ ಸಿಗ್ನಲ್ ದಾಟಿದವರಿಗೆ ಗೊತ್ತು, ಅಲ್ಲಿ ವೇಗ ಯಾರ ಕೈಯಲ್ಲೂ ಇಲ್ಲ. ಹತ್ತು ಮೀಟರ್ ಹೋಗು, ನಿಲ್ಲು, ಮತ್ತೆ ಹತ್ತು ಮೀಟರ್. ಆದರೂ ಹಳೆಯ ಸೈಕಲ್ಲಿಗೆ ಮೋಟಾರ್ ಹಾಕಿಸಲು ಹೊರಟ ನಮ್ಮ ಕಡೆಯ ಹುಡುಗರು ಅಂಗಡಿಯಲ್ಲಿ ಮೊದಲು ಕೇಳುವುದು 'ಎಷ್ಟು ಸ್ಪೀಡ್ ಹೋಗುತ್ತೆ ಸರ್?' ಎಂದೇ. ಅಂಗಡಿಯವರು ಅದಕ್ಕೆ ತಕ್ಕ ಉತ್ತರ ಕೊಡುತ್ತಾರೆ, ಅದಕ್ಕೆ ತಕ್ಕ ಚೈನ್ ಸೆಟ್ಟನ್ನೂ ಕೊಡುತ್ತಾರೆ. ಮೋಟಾರಿನ ಆಯಸ್ಸು ಅರ್ಧಕ್ಕೆ ಇಳಿಯುವುದು ಆ ಪ್ರಶ್ನೆಯಿಂದಲೇ. ಈ ವಾರ ಅದನ್ನೇ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಲೆಕ್ಕವಿದೆ, ಗುಣಾಕಾರ ಭಾಗಾಕಾರ ದಾಟುವುದಿಲ್ಲ.

ಹಳ್ಳಿಯಲ್ಲಿ ಬೋರ್‌ವೆಲ್ ಇರುವ ಮನೆಯವರಿಗೆ ಮೋಟಾರ್ ಸುಡುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ವೋಲ್ಟೇಜ್ ಕುಸಿದಾಗ ಪಂಪು ಎತ್ತಬೇಕಾದ ನೀರು ಅಷ್ಟೇ ಇರುತ್ತದೆ, ಮೋಟಾರ್ ಮುಕ್ಕಿ ಮುಕ್ಕಿ ಹೆಚ್ಚು ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಕಪ್ಪಾಗುತ್ತದೆ, ಅದನ್ನು ಗಾಡಿಗೆ ಹಾಕಿಕೊಂಡು ರಿವೈಂಡಿಂಗ್ ಅಂಗಡಿಗೆ ಹೋಗುವುದಾಗುತ್ತದೆ. ಸೈಕಲ್ಲಿನ ಪುಟ್ಟ ಮೋಟಾರಿಗೂ ಕಾಯಿಲೆ ಅದೇ. ತಾಮ್ರದ ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು. ಕರೆಂಟನ್ನು ತೀರ್ಮಾನಿಸುವುದು ಮೋಟಾರಿನ ಶಾಫ್ಟಿನಲ್ಲಿ ಬೇಕಾಗುವ ಟಾರ್ಕ್, ಅಂದರೆ ತಿರುಗಿಸುವ ಬಲ. ಶಾಫ್ಟ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದಕ್ಕೆ ಇದರಲ್ಲಿ ಪಾತ್ರ ಕಡಿಮೆ. ಹೀಗಾಗಿ ಚಪ್ಪಟೆ ರಸ್ತೆಯಲ್ಲಿ ಸರಾಗವಾಗಿ ಓಡುವ ಮೋಟಾರ್ ತಣ್ಣಗಿರುತ್ತದೆ, ಏರಿನಲ್ಲಿ ಆಮೆಯಂತೆ ತೆವಳುವ ಮೋಟಾರ್ ಬೇಯುತ್ತದೆ.

ಎಷ್ಟು ಬಲ ಬೇಕೆಂದು ಮೊದಲು ನೋಡೋಣ. ಸವಾರ, ಸೈಕಲ್, ಬ್ಯಾಟರಿ ಎಲ್ಲ ಸೇರಿ 100 ಕಿಲೋ ಎನ್ನಿ. ಏರು ಶೇಕಡ 6, ಅಂದರೆ ನೂರು ಮೀಟರ್ ಹೋದರೆ ಆರು ಮೀಟರ್ ಮೇಲೆ. ತೂಕವನ್ನು ಶೇಕಡದಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಸುಮಾರು 60 ನ್ಯೂಟನ್ ಬರುತ್ತದೆ. ಇದು ಏರಿನ ಪಾಲು. ಟೈರಿನ ಉಜ್ಜುವಿಕೆಗೆ ಇನ್ನೊಂದು ಹತ್ತು ಸೇರಿಸಿ. ನಿಧಾನದಲ್ಲಿ ಗಾಳಿಯ ತಡೆ ಎರಡು ಮೂರು ನ್ಯೂಟನ್ ಮಾತ್ರ. ಒಟ್ಟು 70 ಚಿಲ್ಲರೆ. 26 ಇಂಚಿನ ಚಕ್ರದ ತ್ರಿಜ್ಯ ಸುಮಾರು 0.33 ಮೀಟರ್, ಆದ್ದರಿಂದ ಹಿಂದಿನ ಚಕ್ರಕ್ಕೆ ಸುಮಾರು 24 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಆ ಏರನ್ನು ನೀವು 12 ಕಿಲೋಮೀಟರ್ ವೇಗದಲ್ಲಿ ಹತ್ತಿದರೂ 6ರಲ್ಲಿ ಹತ್ತಿದರೂ ಈ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ.

ಈಗ ಈ ಟಾರ್ಕನ್ನು ನೇರವಾಗಿ ಚಕ್ರದ ನಡುವೆ ಕೂತ ಗೇರಿಲ್ಲದ ಹಬ್ ಮೋಟಾರ್ ಕೊಡಬೇಕಾಗಿ ಬಂತು ಎಂದುಕೊಳ್ಳಿ. ಒಂದು ನ್ಯೂಟನ್ ಮೀಟರಿಗೆ ಒಂದು ಆಂಪಿಯರ್, ಸುರುಳಿಯ ರೋಧ ಕಾಲು ಓಂ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, 24 ಆಂಪಿಯರಿನಲ್ಲಿ 144 ವ್ಯಾಟ್ ಶಾಖ. 12 ಕಿಲೋಮೀಟರ್ ವೇಗದಲ್ಲಿ ಚಕ್ರಕ್ಕೆ ತಲುಪುವ ಶಕ್ತಿ ಸುಮಾರು 240 ವ್ಯಾಟ್, ಪರವಾಗಿಲ್ಲ. ವೇಗ 6ಕ್ಕೆ ಇಳಿದರೆ ಚಕ್ರಕ್ಕೆ 120 ವ್ಯಾಟ್, ಶಾಖ ಮಾತ್ರ ಅದೇ 144. ರಸ್ತೆಗೆ ಇಳಿದದ್ದಕ್ಕಿಂತ ಸುರುಳಿಯಲ್ಲಿ ಉರಿದದ್ದೇ ಹೆಚ್ಚಾಯಿತು, ಜೊತೆಗೆ ಏರು ಮುಗಿಯಲು ಎರಡರಷ್ಟು ಹೊತ್ತು. ನಮ್ಮ ಬೀದಿಗಳಲ್ಲಿ ಕಾಣುವಂತೆ ಹಿಂದಿನ ಕ್ಯಾರಿಯರಿನಲ್ಲಿ ಒಂದು 20 ಲೀಟರ್ ನೀರಿನ ಕ್ಯಾನ್ ಇಟ್ಟರೆ ತೂಕ 120 ಆಗುತ್ತದೆ, ಟಾರ್ಕ್ ಐದನೇ ಒಂದು ಪಾಲು ಏರುತ್ತದೆ, ಶಾಖ 144ರಿಂದ 207ಕ್ಕೆ ಜಿಗಿಯುತ್ತದೆ.

ಇಲ್ಲಿಗೆ ನಿಲ್ಲುವುದೂ ಇಲ್ಲ. ತಾಮ್ರ ಬಿಸಿಯಾದಂತೆ ಅದರ ರೋಧವೂ ಏರುತ್ತದೆ, ಒಂದು ಡಿಗ್ರಿಗೆ ಶೇಕಡ 0.39ರಂತೆ. 25 ಡಿಗ್ರಿಯಿಂದ 125ಕ್ಕೆ ಹೋದ ಸುರುಳಿ ಅದೇ ಕರೆಂಟಿಗೆ ಶೇಕಡ 39ರಷ್ಟು ಹೆಚ್ಚು ಶಾಖ ಉಗುಳುತ್ತದೆ. ಬಿಸಿ ಬಿಸಿಯನ್ನೇ ಹೆರುತ್ತದೆ. ಸುರುಳಿಯ ಮೇಲಿನ ಎನಾಮೆಲ್ ಲೇಪದ ದರ್ಜೆಗೆ ತಕ್ಕಂತೆ 130, 155 ಅಥವಾ 180 ಡಿಗ್ರಿ ಮಿತಿ. ಅದಕ್ಕೂ ಮೊದಲೇ ಸೋಲುವುದು ಆಯಸ್ಕಾಂತ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಆಯಸ್ಕಾಂತಕ್ಕೆ ಹೇಳುವ ಮಿತಿ 80 ಡಿಗ್ರಿ. 120, 150 ತಡೆಯುವ ದರ್ಜೆಗಳಿವೆ, ಅವುಗಳಿಗೆ ಬೆಲೆಯೂ ಹೆಚ್ಚು. ಮಿತಿ ಮೀರಿದ ಆಯಸ್ಕಾಂತ ತಣ್ಣಗಾದ ಮೇಲೂ ಪೂರ್ತಿ ಬಲ ಮರಳಿ ಪಡೆಯುವುದಿಲ್ಲ. ಆಮೇಲೆ ಅದೇ ಟಾರ್ಕಿಗೆ ಇನ್ನಷ್ಟು ಕರೆಂಟ್ ಬೇಕು. 'ಮೊದಲಿನ ಪಿಕಪ್ ಇಲ್ಲ' ಎಂದು ಮೆಕ್ಯಾನಿಕ್ ಹತ್ತಿರ ಬರುವ ಎಷ್ಟೋ ಗಾಡಿಗಳ ಒಳಕಥೆ ಇದು.

ಹ್ಯಾಂಡಲ್ಲಿನ ಮೀಟರ್ ನೋಡಿ ಇದನ್ನು ತಿಳಿಯಬಹುದಲ್ಲ ಎಂದರೆ, ಆಗುವುದಿಲ್ಲ. ಆ ಮೀಟರ್ ತೋರಿಸುವುದು ಬ್ಯಾಟರಿಯಿಂದ ಹೊರಟ ಕರೆಂಟ್. ಮೋಟಾರಿಗೂ ಬ್ಯಾಟರಿಗೂ ನಡುವೆ ಕಂಟ್ರೋಲರ್ ಇದೆ. ನಿಧಾನದಲ್ಲಿ ಅದು ವೋಲ್ಟೇಜ್ ಇಳಿಸಿ ಕರೆಂಟ್ ಏರಿಸಿ ಕೊಡುತ್ತದೆ. 36 ವೋಲ್ಟಿನಲ್ಲಿ 8 ಆಂಪಿಯರ್ ಒಳಗೆ ಬಂದದ್ದು 9 ವೋಲ್ಟಿನಲ್ಲಿ 30 ಆಂಪಿಯರ್ ಆಗಿ ಸುರುಳಿಗೆ ಹೋಗಬಹುದು. ಸವಾರ 'ಎಂಟೇ ಆಂಪಿಯರ್ ತಾನೆ' ಎಂದು ನೆಮ್ಮದಿಯಾಗಿರುತ್ತಾನೆ. ಕೈಯಿಂದ ಮುಟ್ಟಿ ನೋಡುವುದೂ ಅಷ್ಟೇ ಮೋಸ. ಹಬ್ ಮೋಟಾರಿನಲ್ಲಿ ಸುರುಳಿ ಒಳಗಿನ ಸ್ಥಿರ ಭಾಗದಲ್ಲಿದೆ, ಹೊರಚಿಪ್ಪಿಗೂ ಅದಕ್ಕೂ ನಡುವೆ ಗಾಳಿಯ ತೆಳು ಪದರವಿದೆ. ಒಳಗೆ ನೂರು ದಾಟಿದ್ದರೂ ಹೊರಗೆ ಬೆಚ್ಚಗೆ ಅನಿಸಬಹುದು.

ಏರಿನಲ್ಲಿ ಮೋಟಾರಿನ ಟಾರ್ಕ್ ಇಳಿಸಿ ಶಾಖ ತಗ್ಗಿಸಲು ಗೇರ್ ಎಷ್ಟು ದೊಡ್ಡ ಉಪಕಾರಿ ಎಂಬುದಕ್ಕೆ ನನಗೆ ಪ್ರಿಯವಾದ ಉದಾಹರಣೆ ಪೆಡಲ್ ಜಾಗದಲ್ಲಿ ಕೂರುವ ಮಿಡ್ ಡ್ರೈವ್ ಮೋಟಾರ್. ಅದು ಚೈನನ್ನೇ ಎಳೆಯುವುದರಿಂದ ಸೈಕಲ್ಲಿನ ಗೇರುಗಳೆಲ್ಲ ಅದರದ್ದೂ ಆಗುತ್ತವೆ. ಮುಂದಿನ ಚೈನ್ ವೀಲ್ 44 ಹಲ್ಲು ಎನ್ನಿ. ಹಿಂದೆ 11 ಹಲ್ಲಿನ ಚಿಕ್ಕ ಚಕ್ರದಲ್ಲಿ ಅದೇ ಶೇಕಡ 6ರ ಏರು ಹತ್ತಿದರೆ ಪೆಡಲ್ ಅಚ್ಚಿನಲ್ಲಿ 96 ನ್ಯೂಟನ್ ಮೀಟರ್ ಬೇಕು. 32 ಹಲ್ಲಿಗೆ ಇಳಿಸಿದರೆ 33 ಸಾಕು. ಟಾರ್ಕ್ ಸುಮಾರು ಮೂರನೇ ಒಂದು ಪಾಲಿಗೆ ಇಳಿಯಿತು, ಶಾಖ ಎಂಟರಲ್ಲಿ ಒಂದು ಪಾಲಿಗೂ ಕೆಳಗೆ. ಸೈಕಲ್ ಅದೇ, ಮೋಟಾರ್ ಅದೇ, ಏರೂ ಅದೇ. ಹೆಬ್ಬೆರಳಲ್ಲಿ ಒಂದು ಲಿವರ್ ಒತ್ತಿದ್ದಷ್ಟೇ ವ್ಯತ್ಯಾಸ. 12 ಕಿಲೋಮೀಟರ್ ವೇಗದಲ್ಲಿ 32 ಹಲ್ಲಿಗೆ ಪೆಡಲ್ ಅಚ್ಚು ನಿಮಿಷಕ್ಕೆ 70 ಸುತ್ತು ತಿರುಗುತ್ತದೆ, ಕಾಲಿಗೂ ಮೋಟಾರಿಗೂ ಹಿತ. 11 ಹಲ್ಲಿಗೆ ಬರೀ 24 ಸುತ್ತು, ಯಾರಿಗೂ ಹಿತವಲ್ಲ. ಇಷ್ಟಾದರೂ ಮಿಡ್ ಡ್ರೈವ್ ಸೈಕಲ್ಲುಗಳನ್ನು ಚಿಕ್ಕ ಹಲ್ಲಿಗೆ ಹಾಕಿ ಥ್ರಾಟಲ್ ತಿರುವಿಕೊಂಡೇ ದಿಬ್ಬ ಹತ್ತಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮುಂದಿನ ಚೈನ್ ವೀಲ್ ದೊಡ್ಡದಿದ್ದರೆ ವೇಗ ಬರುತ್ತದೆ ಎಂಬ ಆಸೆಯನ್ನೂ ತೂಗಿ ನೋಡಬೇಕು. ನಮ್ಮ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ನೋಂದಣಿ, ಲೈಸೆನ್ಸ್ ಬೇಡದ ಬ್ಯಾಟರಿ ಗಾಡಿಯ ಮೋಟಾರ್ 250 ವ್ಯಾಟಿಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ. 25ರಲ್ಲಿ 26 ಇಂಚಿನ ಚಕ್ರ ನಿಮಿಷಕ್ಕೆ 201 ಸುತ್ತು ತಿರುಗುತ್ತದೆ. ಮುಂದೆ 36 ಹಲ್ಲು, ಹಿಂದೆ 11 ಇದ್ದರೆ ಪೆಡಲ್ 61 ಸುತ್ತು. ಹಿಂದೆ 14 ಇದ್ದರೂ 78 ಸುತ್ತಷ್ಟೇ, ಆರಾಮ. ಅಂದಮೇಲೆ 44, 46ರ ಚೈನ್ ವೀಲ್ ನಮಗೆ ಏಕೆ ಬೇಕು? 36ಕ್ಕೆ ಇಳಿದರೆ ಏರಿನಲ್ಲಿ ಶಾಖ ಮತ್ತೆ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ, ಚಪ್ಪಟೆಯಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಒಂದು ತೊಡಕಿದೆ. ಕೆಲವು ಕಿಟ್‌ಗಳಲ್ಲಿ ಮೋಟಾರಿನ ಡಬ್ಬಿಯೇ ಉಬ್ಬಿಕೊಂಡಿರುವುದರಿಂದ ಚಿಕ್ಕ ಚೈನ್ ವೀಲ್ ಹೊರಗೆ ಸರಿದು ಕೂರುತ್ತದೆ, ಚೈನ್ ಓರೆಯಾಗಿ ಎಳೆಯುತ್ತದೆ, ಹಿಂದಿನ ದೊಡ್ಡ ಹಲ್ಲಿಗೆ ಹೋದಾಗ ಕಿರುಗುಟ್ಟುತ್ತದೆ. ಹಾಗಿದ್ದಲ್ಲಿ ಮುಂದಿನದನ್ನು ಮುಟ್ಟದೆ ಹಿಂದೆ 34 ಹಲ್ಲಿನವರೆಗೆ ಹೋಗುವ ಏಳು ಗೇರಿನ ಫ್ರೀವೀಲ್ ಹಾಕಿಸಿ. 14ರಿಂದ 34ರವರೆಗಿನ ಶಿಮಾನೊ ಫ್ರೀವೀಲ್ ದುಬಾರಿ ವಸ್ತುವೇನಲ್ಲ, ಸಾಧಾರಣ ಗೇರ್ ಸೈಕಲ್ಲಿಗೂ ಕೂರುತ್ತದೆ. ಗೇರ್ ಬದಲಿಸುವ ಗಳಿಗೆಯಲ್ಲಿ ಥ್ರಾಟಲ್ ಬಿಡಿ. ಮೋಟಾರಿನ ಎಳೆತದಲ್ಲೇ ಹಲ್ಲು ಬದಲಿಸಿದರೆ ಚೈನ್ ಕೊಂಡಿ ಕಿತ್ತುಹೋಗುತ್ತದೆ.

ಮಿಡ್ ಡ್ರೈವ್ ಎಲ್ಲರ ಕೈಗೆ ಎಟುಕುವುದಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿನಲ್ಲೂ ಮನೆಯಲ್ಲೇ ಕಟ್ಟಿದ ಸೈಕಲ್ಲುಗಳಲ್ಲೂ ಹೆಚ್ಚಾಗಿ ಕಾಣುವುದು ಎಂವೈ1016 ಎಂಬ 24 ವೋಲ್ಟ್, 250 ವ್ಯಾಟಿನ ಬ್ರಶ್ ಮೋಟಾರ್. ಪೂರ್ತಿ ಲೋಡಿನಲ್ಲಿ ಅದು ನಿಮಿಷಕ್ಕೆ ಸುಮಾರು 2650 ಸುತ್ತು ತಿರುಗುತ್ತದೆ, ಆಗ ಶಾಫ್ಟಿನಲ್ಲಿ ಸಿಗುವ ಟಾರ್ಕ್ 0.9 ನ್ಯೂಟನ್ ಮೀಟರ್. 25 ಕಿಲೋಮೀಟರ್ ವೇಗಕ್ಕೆ ಇದನ್ನು ಚಕ್ರಕ್ಕೆ ಒಂದೇ ಚೈನಿನಲ್ಲಿ ಜೋಡಿಸಬೇಕೆಂದರೆ 13 ಪಟ್ಟು ಇಳಿಸಬೇಕು. ಮೋಟಾರಿನ ಕಡೆ 11 ಹಲ್ಲಿದ್ದರೆ ಚಕ್ರದ ಕಡೆ 145 ಹಲ್ಲು, ಯಾವ ಸೈಕಲ್ಲಿನಲ್ಲೂ ಕೂರದು. ಅದಕ್ಕೇ ಒಳಗೇ 9.78 ಪಟ್ಟು ಇಳಿಸುವ ಗೇರ್ ಇರುವ 'ಝಡ್' ಮಾದರಿಯನ್ನೇ ಕೊಳ್ಳಬೇಕು. ಹೊರಗೆ ಬರುವಾಗ 271 ಸುತ್ತು, 8.8 ನ್ಯೂಟನ್ ಮೀಟರ್. ಹೊರಗಿನ ಹಲ್ಲುಚಕ್ರ 9 ಹಲ್ಲಿನದು.

ನಿಮ್ಮ ಕೈಯಲ್ಲಿರುವ ಆಯ್ಕೆ ಶುರುವಾಗುವುದು ಇಲ್ಲಿಂದ. ಚಕ್ರಕ್ಕೆ 18 ಹಲ್ಲಿನ ಫ್ರೀವೀಲ್ ಹಾಕಿದರೆ ವೇಗ ಸುಮಾರು 17 ಕಿಲೋಮೀಟರ್, ಚಕ್ರದಲ್ಲಿ 17.6 ನ್ಯೂಟನ್ ಮೀಟರ್, ರಸ್ತೆಯ ಮೇಲೆ 53 ನ್ಯೂಟನ್. ನಮ್ಮ 100 ಕಿಲೋ ಗಾಡಿಗೆ ಅದು ಶೇಕಡ 3.5ರ ಏರಿಗೆ ಸಾಕು. ಶೇಕಡ 6ಕ್ಕೆ ಬಂದರೆ ಮೋಟಾರ್ ತನ್ನ ಅಳತೆಗಿಂತ ಮೂರನೇ ಒಂದು ಪಾಲು ಹೆಚ್ಚು ಎಳೆಯಬೇಕು, ಶಾಖ 1.8 ಪಟ್ಟು. ಅದೇ ಜಾಗಕ್ಕೆ 24 ಹಲ್ಲಿನ ಫ್ರೀವೀಲ್ ಹಾಕಿ. ವೇಗ 12.6ಕ್ಕೆ ಇಳಿಯುತ್ತದೆ, ರಸ್ತೆಯ ಮೇಲಿನ ಬಲ 71 ನ್ಯೂಟನ್ ಆಗುತ್ತದೆ, ಶೇಕಡ 6ರ ಏರನ್ನು ಮೋಟಾರ್ ತನ್ನ ಅಳತೆಯೊಳಗೇ ಹತ್ತುತ್ತದೆ. ಗೇರಿನೊಳಗೆ ಪೋಲಾಗುವ ಹತ್ತಿಪ್ಪತ್ತು ವ್ಯಾಟನ್ನು ಪೆಡಲ್ ಮೇಲಿನ ನಿಮ್ಮ ಕಾಲು ತುಂಬಿಕೊಡಲಿ. ಬ್ರಶ್ ಮೋಟಾರಿನಲ್ಲಿ ಸುರುಳಿ ಇರುವುದು ತಿರುಗುವ ಭಾಗದಲ್ಲಿ. ಅಲ್ಲಿಂದ ಶಾಖ ಹೊರಬರುವ ದಾರಿ ತೀರ ಕಿರಿದು. ಅದಕ್ಕೆ ಈ ಆರು ಹಲ್ಲು ಜೀವದಾನ.

ವೇಗವೂ ಬೇಕು, ತಂಪೂ ಬೇಕು ಎಂದು ಹಟ ಹಿಡಿದವರಿಗೆ ಒಂದು ದಾರಿ ಇದೆ. ವೋಲ್ಟೇಜ್ ಏರಿಸಿ, ಜೊತೆಗೇ ಗೇರ್ ಇಳಿಸಿ. 24ರ ಬದಲು 36 ವೋಲ್ಟ್ ಕೊಟ್ಟರೆ ಮೋಟಾರ್ ಒಂದೂವರೆ ಪಟ್ಟು ಜೋರಾಗಿ ತಿರುಗುತ್ತದೆ. ಹಲ್ಲನ್ನೂ ಒಂದೂವರೆ ಪಟ್ಟು ಇಳಿಸಿದರೆ ರಸ್ತೆಯ ವೇಗ ಮೊದಲಿನದೇ. ಶಾಫ್ಟಿನ ಟಾರ್ಕ್ ಮಾತ್ರ ಮೂರರಲ್ಲಿ ಎರಡು ಪಾಲು, ತಾಮ್ರದ ಶಾಖ ಅರ್ಧಕ್ಕಿಂತ ಕಡಿಮೆ. ಇದಕ್ಕೂ ಎಲ್ಲೆ ಇದೆ. ಸುತ್ತು ಏರಿದಂತೆ ಕಬ್ಬಿಣದ ಪದರಗಳಲ್ಲಿ ಹುಟ್ಟುವ ಶಾಖ ಏರುತ್ತದೆ, ಬ್ರಶ್ ಬೇಗ ಸವೆಯುತ್ತದೆ, ಗದ್ದಲವೂ ಜಾಸ್ತಿ. ವೋಲ್ಟೇಜ್ ಮಾತ್ರ ಏರಿಸಿ ಹಲ್ಲನ್ನು ಹಾಗೇ ಬಿಡುವವರೇ ಹೆಚ್ಚು. ಅವರ ಮೋಟಾರ್ ಏರಿನಲ್ಲಿ ಎಳೆಯುವ ಟಾರ್ಕ್ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರುವುದಿಲ್ಲ.

ಹಬ್ ಮೋಟಾರ್ ಈಗಾಗಲೇ ಇರುವವರಿಗೆ ಬದಲಿಸಲು ಹಲ್ಲೇ ಇಲ್ಲ. ಅವರ ಗೇರ್ ಎಂದರೆ ಚಕ್ರದ ಅಳತೆ. 26 ಇಂಚಿನಿಂದ 20 ಇಂಚಿಗೆ ಇಳಿದರೆ ಶಾಖ ಹತ್ತರಲ್ಲಿ ಆರು ಪಾಲಿಗೆ ಇಳಿಯುತ್ತದೆ. ಒಳಗೆ ನಾಲ್ಕೈದು ಪಟ್ಟು ಇಳಿಸುವ ನೈಲಾನ್ ಹಲ್ಲುಗಳಿರುವ ಹಬ್ ಮೋಟಾರುಗಳೂ ಇವೆ. ಚಿಕ್ಕ ಏರುಗಳಿಗೆ ಅವು ಚೆನ್ನ. ಆದರೆ ಅವುಗಳಲ್ಲಿ ಸುರುಳಿ ಎರಡು ಚಿಪ್ಪುಗಳ ಒಳಗೆ ಹುದುಗಿರುತ್ತದೆ, ಉದ್ದ ಏರಿನಲ್ಲಿ ಬಿಸಿ ಹೊರಹೋಗದೆ ನೈಲಾನ್ ಮೆತ್ತಗಾಗುತ್ತದೆ. 'ಹೈ ಟಾರ್ಕ್ ವೈಂಡಿಂಗ್' ಎಂದು ಹೆಚ್ಚು ಹಣ ಕೇಳುವವರಿದ್ದಾರೆ. ಅದೇ ಮೋಟಾರಿನಲ್ಲಿ ತಂತಿಯ ಸುತ್ತು ಹೆಚ್ಚಿಸಿ ತಂತಿಯನ್ನು ತೆಳ್ಳಗೆ ಮಾಡಿದರೆ ಕರೆಂಟ್ ಇಳಿಯುತ್ತದೆ, ರೋಧ ಏರುತ್ತದೆ, ಅದೇ ಟಾರ್ಕಿಗೆ ಹುಟ್ಟುವ ಶಾಖ ಅಷ್ಟೇ. ಆ ಹಣ ಉಳಿಸಿ ಸುರುಳಿಗೆ ಅಂಟಿ ಅದರ ಬಿಸಿ ಅಳೆಯುವ 10ಕೆ ಥರ್ಮಿಸ್ಟರ್ ಒಂದನ್ನು ಹಾಕಿಸಿ, ಅದನ್ನು ಓದಬಲ್ಲ ಕಂಟ್ರೋಲರ್ ಕೊಳ್ಳಿ. ಕೆನಡಾದ ವ್ಯಾಂಕೂವರಿನ ಗ್ರಿನ್ ಟೆಕ್ನಾಲಜೀಸ್ ಸಂಸ್ಥೆ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿರುವ ಮೋಟಾರ್ ಲೆಕ್ಕಯಂತ್ರಕ್ಕೆ ತೂಕ, ಏರು, ಚಕ್ರದ ಅಳತೆ ಕೊಟ್ಟರೆ ಎಷ್ಟು ನಿಮಿಷಕ್ಕೆ ಮೋಟಾರ್ ಮಿತಿ ಮೀರುತ್ತದೆ ಎಂದೇ ಹೇಳುತ್ತದೆ. ಕೊಳ್ಳುವ ಮುನ್ನ ಒಮ್ಮೆ ಅದರ ಮುಂದೆ ಕೂರಿ.

ನಮ್ಮ ದೇಶದ ಕಂಪನಿಗಳೂ ಈ ಪಾಠವನ್ನು ಗಾಡಿಯಲ್ಲೇ ಬರೆದಿವೆ. 2018ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ಏಥರ್ 450 ಸ್ಕೂಟರಿನಲ್ಲಿ ಮೋಟಾರ್ ಚಕ್ರದೊಳಗಿಲ್ಲ. ಅದು ಚಾಸಿಯಲ್ಲಿ ಕೂತು ಹಲ್ಲಿನ ಬೆಲ್ಟ್ ಮೂಲಕ ಚಕ್ರವನ್ನು ತಿರುಗಿಸುತ್ತದೆ. ಆಮೇಲೆ ಬಂದ 450ಎಕ್ಸ್ ಮೋಟಾರಿನ ಟಾರ್ಕ್ 26 ನ್ಯೂಟನ್ ಮೀಟರ್, ಚಕ್ರ ತಲುಪುವಷ್ಟರಲ್ಲಿ ಅದು ಹಲವು ಪಟ್ಟಾಗಿರುತ್ತದೆ. ಅಲ್ಟ್ರಾವಯಲೆಟ್ಟಿನ ಎಫ್77 ಬೈಕಿನಲ್ಲಿ ಚೈನ್. ಅಹಮದಾಬಾದಿನ ಮ್ಯಾಟರ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಏರಾ ಬೈಕಿಗೆ ನಾಲ್ಕು ಗೇರಿನ ಪೆಟ್ಟಿಗೆಯನ್ನೇ ಕೂರಿಸಿದೆ. ಎಲೆಕ್ಟ್ರಿಕ್ ಗಾಡಿಗೆ ಗೇರ್ ಬೇಡ ಎಂದು ವಾದಿಸುವವರ ಜೊತೆ ನಾನಿಲ್ಲ. ನೂರು ಕಿಲೋ ತೂಕದ, 250 ವ್ಯಾಟಿನ ಗಾಡಿಗಂತೂ ಬೇಕೇ ಬೇಕು.

ಯಾವ ಏರಿಗೆ ಹಲ್ಲು ಆರಿಸಬೇಕು ಎಂಬುದು ಉಳಿದ ಪ್ರಶ್ನೆ. ಜರಗನಹಳ್ಳಿ, ಯಲಚೇನಹಳ್ಳಿ ಸುತ್ತಮುತ್ತ ಓಡಾಡುವವರಿಗೆ ಉದ್ದ ಏರುಗಳಿಲ್ಲ. ಫ್ಲೈಓವರ್ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಅಷ್ಟರಲ್ಲಿ ಮೋಟಾರಿನ ಕಬ್ಬಿಣದ ತೂಕವೇ ಶಾಖವನ್ನು ನುಂಗಿಕೊಳ್ಳುತ್ತದೆ. ವಸಂತಪುರದ ವೈಕುಂಠ ಬೆಟ್ಟವಾಗಲಿ ತುರಹಳ್ಳಿ ಕಾಡಿನ ದಿಬ್ಬಗಳಾಗಲಿ ಕಡಿದು, ಆದರೆ ಗಿಡ್ಡ. ಇಲ್ಲಿ ಮೋಟಾರನ್ನು ಬೇಯಿಸುವುದು ಸಿಗ್ನಲ್ಲಿನ ನಿಂತು ಹೊರಡುವ ಕಾಟ. ಪ್ರತಿ ಸಲವೂ ನಿಂತಲ್ಲಿಂದ ಎಳೆಯುವಾಗ ಟಾರ್ಕ್ ತುತ್ತತುದಿಯಲ್ಲಿರುತ್ತದೆ, ಬೀಸುವ ಗಾಳಿ ಸೊನ್ನೆ. ಹೊರಡುವ ಮೊದಲ ಎರಡು ಸುತ್ತು ಪೆಡಲ್ ತುಳಿದರೆ ಸಾಕಷ್ಟು ಶಾಖ ತಪ್ಪುತ್ತದೆ.

ನಂದಿಬೆಟ್ಟಕ್ಕೆ ಹೋಗುವವರ ಲೆಕ್ಕ ಬೇರೆ. ಬುಡದಿಂದ ಸುಮಾರು ಏಳೂವರೆ ಕಿಲೋಮೀಟರ್, ನಾನೂರು ಮೀಟರಿಗೂ ಮೀರಿದ ಏರಿಕೆ, ಸರಾಸರಿ ಶೇಕಡ 6ರ ಹತ್ತಿರ. 12.6 ಕಿಲೋಮೀಟರ್ ವೇಗದಲ್ಲಿ ಮೇಲೆ ತಲುಪಲು 36 ನಿಮಿಷ. ಮೊದಲು ಹೇಳಿದ ನಿಯಮದಲ್ಲಿರುವ 250 ವ್ಯಾಟ್ ಎಂಬುದು 'ಮೂವತ್ತು ನಿಮಿಷದ ಶಕ್ತಿ', ಅಂದರೆ ಅರ್ಧ ಗಂಟೆ ಒಂದೇ ಸಮನೆ ಎಳೆಯಬಲ್ಲಷ್ಟು. ನಂದಿಯ ಏರು ಆ ಅರ್ಧ ಗಂಟೆಯನ್ನೂ ಆರು ನಿಮಿಷ ದಾಟುತ್ತದೆ. ಅಲ್ಲಿಗೆ 24 ಹಲ್ಲೂ ಸಾಲದು, ನಿಮ್ಮ ಕಾಲಿನಿಂದ ಕನಿಷ್ಠ ನೂರು ವ್ಯಾಟ್ ಬೇಕು, ನಡುವೆ ಒಂದು ತಿರುವಿನಲ್ಲಿ ಹತ್ತು ನಿಮಿಷ ನಿಲ್ಲಬೇಕು. ನಿಂತಾಗ ಬಂಡಿಯನ್ನು ನೆರಳಿಗೆ ಇಡಿ.

ಕಿಟ್ ಮಾರುವ, ಜೋಡಿಸುವ ನಮ್ಮ ಬೆಂಗಳೂರಿನ ಅಂಗಡಿಯವರಲ್ಲಿ ಒಂದು ಕೋರಿಕೆ. ಡಬ್ಬಿಯ ಮೇಲೆ ವೇಗ, ವ್ಯಾಟ್ ಅಚ್ಚು ಹಾಕುವ ಜಾಗದಲ್ಲಿ ಮೋಟಾರ್ ನಿರಂತರವಾಗಿ ಕೊಡಬಲ್ಲ ಟಾರ್ಕ್ ಎಷ್ಟು, ಸುರುಳಿಯ ರೋಧ ಎಷ್ಟು ಎಂಬ ಎರಡು ಅಂಕಿಗಳನ್ನೂ ಹಾಕಿ. ಹಿಂದಿನ ಫ್ರೀವೀಲ್ ಆರಿಸಲು ಗಿರಾಕಿಗೆ ಬಿಡಿ. ಓದುಗರೇ, ಆ ಎರಡು ಅಂಕಿ ಹೇಳಲಾಗದವರ ಹತ್ತಿರ ಮೋಟಾರ್ ಕೊಳ್ಳಬೇಡಿ.